ಕನ್ನಡ ಕೂಟದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ: ಭಾಷಣ ಬಿಟ್ಟು ಇನ್ನೇನು ಮಾಡಬಹುದು?

ಕೂಟದ_ಆರೋಗ್ಯಸಮಿತಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಮಾರ್ಚ್ ಅಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಅರಿವು ಮೂಡಿಸುವ ತಿಂಗಳು. ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮವೂ ಅದರ ಆಸುಪಾಸಿನಲ್ಲೇ ಬರುತ್ತೆ. ಊಟದ ಹಾಲ್ ಪಕ್ಕದಲ್ಲೇ ಒಂದು ಆರೋಗ್ಯ ಮಳಿಗೆ ಹಾಕೋಣ ಅಂತ ಸಮಿತಿಯ ಯೋಚನೆ. ಸದಸ್ಯರಲ್ಲಿ 45 ದಾಟಿದವರೇ ಜಾಸ್ತಿ.

ಭಾಷಣಕ್ಕೆ ಜನ ಬರ್ತಾರೆ, ಕರಪತ್ರ ತಗೋತಾರೆ, ತಲೆಯಾಡಿಸ್ತಾರೆ. ಆಮೇಲೆ ಎಷ್ಟು ಜನ ನಿಜವಾಗಿ ಪರೀಕ್ಷೆ ಮಾಡಿಸಿಕೊಂಡರು ಅನ್ನೋದಕ್ಕೆ ಯಾರ ಹತ್ತಿರವೂ ಲೆಕ್ಕ ಇರಲ್ಲ. ಈ ಸಲ ಆ ಲೆಕ್ಕ ಮೇಲೇರಬೇಕು. ಹಾಗಾಗಿ ಕೆಲವು ಪ್ರಶ್ನೆ:

ಎಲ್ಲರಿಗೂ ಕೊಲೊನೋಸ್ಕೋಪಿನೇ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿ ಅನ್ನಬೇಕಾ, ಇಲ್ಲ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕೋಕೆ ಮನೆಯಲ್ಲೇ ಮಾಡುವ ಮಲದ ಪರೀಕ್ಷೆ (ಫಿಟ್ ಕಿಟ್) ಸಾಕಾ? ಮಳಿಗೆಯಲ್ಲೇ ಕಿಟ್ ಹಂಚಬಹುದಾ? "ನಾವು ಹುಟ್ಟಾ ಸಸ್ಯಾಹಾರಿಗಳು, ನಮಗೆ ಬರಲ್ಲ" ಅನ್ನುವವರಿಗೆ ಏನು ಹೇಳೋದು? ಕೊಲೊನೋಸ್ಕೋಪಿ ಹಿಂದಿನ ದಿನ ನಮ್ಮ ಅಡುಗೆಯಲ್ಲಿ ಏನು ತಿನ್ನಬಹುದು? ಆಸ್ಪತ್ರೆ ಕೊಡೋ ಹಾಳೆಯಲ್ಲಿ ಬರೀ ಜೆಲ್ಲೋ, ಚಿಕನ್ ಸೂಪ್ ಅಂತಲೇ ಇರುತ್ತೆ. ಇನ್ಶೂರೆನ್ಸ್ ಪೂರ್ತಿ ಕಟ್ಟುತ್ತಾ? ಕೊನೆಯದಾಗಿ, ಆರು ತಿಂಗಳಿಗೆ ಅಂತ ಬಂದಿರುವ ಅಪ್ಪ ಅಮ್ಮಂದಿರ ಕಥೆ ಏನು?

ಗೊತ್ತಿದ್ದವರು ದಯವಿಟ್ಟು ಬಿಡಿಸಿ ಬರೆಯಿರಿ.


ಕಿಟ್_ಕೋಆರ್ಡಿನೇಟರ್

ಸಮಿತಿಯವರೇ, ಮೊದಲು ಯಾವ ಪರೀಕ್ಷೆ ಅನ್ನೋ ಮಾತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಅಧ್ಯಯನ ನಡೆದು 2012ರಲ್ಲಿ ಪ್ರಕಟವಾಯ್ತು. ಕೊಲೊನೋಸ್ಕೋಪಿ ಒಂದನ್ನೇ ಸೂಚಿಸಿದಾಗ 38% ಜನ ತಪಾಸಣೆ ಮುಗಿಸಿದರು. ಮಲದ ಪರೀಕ್ಷೆ ಸೂಚಿಸಿದಾಗ 67%. ಎರಡರಲ್ಲಿ ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಅಂದಾಗ 69%. ಆದ್ದರಿಂದ ಮಳಿಗೆಯಲ್ಲಿ ನಿಂತು ಕೊಲೊನೋಸ್ಕೋಪಿನೇ ಶ್ರೇಷ್ಠ ಅಂತ ವಾದಿಸಬೇಡಿ. ಎರಡನ್ನೂ ಮೇಜಿನ ಮೇಲೆ ಇಡಿ.

ಉತ್ತರ ಕ್ಯಾಲಿಫೋರ್ನಿಯಾದ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆ ಕಿಟ್ಟನ್ನು ವರ್ಷವರ್ಷ ಅಂಚೆಯಲ್ಲಿ ಮನೆಗೇ ಕಳಿಸೋಕೆ ಶುರು ಮಾಡಿತು. ಬೇಕಾದವರಿಗೆ ಕೊಲೊನೋಸ್ಕೋಪಿಯೂ ಇತ್ತು. 2000ದಲ್ಲಿ ಸುಮಾರು 39% ಇದ್ದ ತಪಾಸಣೆ ಪ್ರಮಾಣ 2015ರ ಹೊತ್ತಿಗೆ ಸುಮಾರು 83%ಕ್ಕೆ ಏರಿತು. ಅದೇ ಅವಧಿಯಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಯಾರೂ ಡಾಕ್ಟರ್ ಹತ್ತಿರ ಹೋಗುವ ತನಕ ಕಾಯಲಿಲ್ಲ, ಕಿಟ್ಟೇ ಜನರ ಹತ್ತಿರ ಹೋಯಿತು.

ಇನ್ನು ನಿಮ್ಮ ಮಳಿಗೆ. ಕಿಟ್ಟನ್ನು ಕೂಟವೇ ಹಂಚೋದು ಬೇಡ. ಪ್ರತಿ ಕಿಟ್ ಹಿಂದೆ ಅದನ್ನು ಬರೆದುಕೊಟ್ಟ ಡಾಕ್ಟರ್ ಒಬ್ಬರು ಇರಲೇಬೇಕು. ಇಲ್ಲದಿದ್ದರೆ ಪಾಸಿಟಿವ್ ಬಂದ ಫಲಿತಾಂಶ ಯಾರ ಮೇಜಿಗೂ ಬೀಳದೆ ಕಳೆದುಹೋಗುತ್ತೆ, ಅದು ಪರೀಕ್ಷೆ ಮಾಡದೇ ಇರೋದಕ್ಕಿಂತ ಕೆಟ್ಟದ್ದು. ಹತ್ತಿರದ ಸಮುದಾಯ ಆರೋಗ್ಯ ಕೇಂದ್ರವನ್ನೋ, ನಿಮ್ಮವರೇ ನಡೆಸುವ ಫ್ಯಾಮಿಲಿ ಕ್ಲಿನಿಕ್ ಒಂದನ್ನೋ ಜೊತೆಗೆ ಸೇರಿಸಿಕೊಳ್ಳಿ. ಕಿಟ್, ಲ್ಯಾಬ್, ಫಲಿತಾಂಶ ಅವರದು. ಜನರನ್ನು ಸೇರಿಸೋದು, ಕನ್ನಡದಲ್ಲಿ ನೆನಪಿಸೋದು ನಿಮ್ಮದು. ಯಾರ ಫಲಿತಾಂಶವೂ ಕೂಟದ ವಾಟ್ಸಾಪ್‌ಗಾಗಲೀ ಎಕ್ಸೆಲ್ ಹಾಳೆಗಾಗಲೀ ಬರಕೂಡದು.

ಯುಗಾದಿ ದಿನ ಹೆಸರು, ಹುಟ್ಟಿದ ವರ್ಷ, ಫೋನ್ ನಂಬರ್ ಬರೆಸಿಕೊಂಡು ಮೂರೇ ಪ್ರಶ್ನೆ ಕೇಳಿ: ಮಲದಲ್ಲಿ ರಕ್ತ ಅಥವಾ ಬೇರೆ ತೊಂದರೆ ಇದೆಯಾ? ಹತ್ತಿರದ ರಕ್ತಸಂಬಂಧಿಗಳಿಗೆ ಈ ಕ್ಯಾನ್ಸರ್ ಬಂದಿತ್ತಾ? ಹಿಂದೆ ಯಾವ ಪರೀಕ್ಷೆ, ಯಾವ ವರ್ಷ ಆಗಿತ್ತು? ಮೊದಲ ಎರಡಕ್ಕೆ ಹೌದು ಅಂದವರಿಗೆ ಕಿಟ್ ಅಲ್ಲ, ನೇರ ಡಾಕ್ಟರ್. ಉಳಿದವರಲ್ಲಿ ಪರೀಕ್ಷೆ ಬಾಕಿ ಇರುವವರಿಗೆ ಕಿಟ್. ಕಿಟ್ ಕಳಿಸುವ ಒಂದು ವಾರ ಮೊದಲೇ "ಇಂಥದ್ದು ಬರ್ತಾ ಇದೆ" ಅಂತ ಮೆಸೇಜ್ ಹೋಗಲಿ. ಕಿಟ್ ಹೋಗಿ ಎರಡು ವಾರಕ್ಕೆ ಮತ್ತೊಂದು ಮೆಸೇಜ್. ನಾಲ್ಕನೇ ವಾರ ಫೋನ್. ಈ ಫೋನ್ ಬಿಟ್ಟರೆ ಕಿಟ್ ಬಾತ್‌ರೂಮ್ ಕಪಾಟಿನಲ್ಲೇ ಉಳಿಯುತ್ತೆ.

ಮಾರ್ಚ್ ಒಂದನ್ನೇ ನಂಬಬೇಡಿ. ಅಕ್ಟೋಬರ್‌ನಲ್ಲಿ ಫ್ಲೂ ಲಸಿಕೆ ಶಿಬಿರ ಮಾಡ್ತೀರಲ್ಲ, ಲಸಿಕೆ ಹಾಕುವ ನರ್ಸೇ ಕಿಟ್ ಕೈಗಿಡುವ ಪದ್ಧತಿ ಇದೆ, ಇಲ್ಲಿ ಅದನ್ನ ಫ್ಲೂಫಿಟ್ ಅಂತಾರೆ. ಇದನ್ನು ಮೊದಲು ಪರೀಕ್ಷಿಸಿದ ಸ್ಯಾನ್ ಫ್ರಾನ್ಸಿಸ್ಕೋದ ಕ್ಲಿನಿಕ್‌ನಲ್ಲಿ ಲಸಿಕೆ ಮಾತ್ರ ಪಡೆದವರ ತಪಾಸಣೆ ಪ್ರಮಾಣ ಸುಮಾರು 53ರಿಂದ 57%ಕ್ಕೆ ಹೋದರೆ, ಲಸಿಕೆ ಜೊತೆ ಕಿಟ್ಟೂ ಪಡೆದವರದು 54ರಿಂದ 84%ಕ್ಕೆ ಹೋಯಿತು. ಫ್ಲೂ ಲಸಿಕೆಯೂ ವರ್ಷಕ್ಕೊಂದು, ಫಿಟ್ಟೂ ವರ್ಷಕ್ಕೊಂದು. ಹೊಂದಾಣಿಕೆ ಸರಿಯಾಗಿದೆ.

ವಾಪಸ್ ಬಂದ ಕಿಟ್‌ಗಳನ್ನು ಲ್ಯಾಬ್ ಯಾಕೆ ತಿರಸ್ಕರಿಸುತ್ತೆ ಅನ್ನೋದನ್ನ ಎಲ್ಲರಿಗೂ ಹೇಳಬೇಕು. ಸಾಮಾನ್ಯವಾದ ತಪ್ಪುಗಳಲ್ಲಿ ಒಂದು, ಮಾದರಿ ತೆಗೆದ ದಿನಾಂಕ ಬರೆಯದೇ ಇರೋದು. ಶೀಶೆಯ ಲೇಬಲ್ ಮೇಲೆ ದಿನಾಂಕದ ಜಾಗಕ್ಕೆ ಹಳದಿ ಹೈಲೈಟರ್ ಬಳಿದು ಕೊಡಿ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮ ಹಿರಿಯರು ದಿನ ಮೊದಲು ಬರೀತಾರೆ. 4-3 ಅಂದರೆ ಮಾರ್ಚ್ 4 ಅಂತ ಅವರು ಬರೆದದ್ದನ್ನು ಲ್ಯಾಬ್ ಏಪ್ರಿಲ್ 3 ಅಂತ ಓದಿ, ಇನ್ನೂ ಬಾರದ ದಿನಾಂಕ ಅಂತ ಬಿಸಾಡುತ್ತೆ. ತಿಂಗಳ ಹೆಸರನ್ನೇ ಅಕ್ಷರದಲ್ಲಿ ಬರೆಯೋಕೆ ಹೇಳಿ.

ಮಾದರಿ ತೆಗೆಯುವ ಕ್ರಮ: ಕಮೋಡ್‌ನಲ್ಲಿ ನೀಲಿ ಕ್ಲೀನರ್ ಗುಳಿಗೆ ಇದ್ದರೆ ತೆಗೆದು ಎರಡು ಸಲ ಫ್ಲಶ್ ಮಾಡಿ. ಕಿಟ್ ಜೊತೆ ಬರುವ ಕಾಗದವನ್ನು ನೀರಿನ ಮೇಲೆ ಹಾಸಿ. ಮೂತ್ರ ಮೊದಲೇ ಮುಗಿಸಿಕೊಳ್ಳಿ. ಮಲ ಕಾಗದದ ಮೇಲೆ ಬಿದ್ದ ಮೇಲೆ, ತೊಳೆದುಕೊಳ್ಳುವ ಮೊದಲೇ ಮಾದರಿ ತೆಗೆಯಬೇಕು. ನಮ್ಮವರು ತಪ್ಪೋದು ಇಲ್ಲೇ. ಸ್ಪ್ರೇ ನೀರು ಬಿದ್ದರೆ ಮೇಲ್ಮೈ ರಕ್ತ ಕೊಚ್ಚಿಹೋಗುತ್ತೆ. ಕಡ್ಡಿಯ ತುದಿಯ ಗೀರುಗಳನ್ನು ಮಲದ ಮೇಲ್ಮೈಯಲ್ಲಿ ನಾಲ್ಕೈದು ಕಡೆ ಎಳೆಯಿರಿ, ಒಂದೇ ಕಡೆ ಚುಚ್ಚಬೇಡಿ. ರಕ್ತ ಎಲ್ಲ ಕಡೆ ಸಮನಾಗಿ ಇರಲ್ಲ. ಗೀರು ತುಂಬಿದರೆ ಸಾಕು, ಮುದ್ದೆ ಮುದ್ದೆ ಹಚ್ಚಿದರೆ ಕೆಡುತ್ತೆ. ಕಡ್ಡಿಯನ್ನು ಶೀಶೆಗೆ ಹಾಕಿ ಟಕ್ ಅನ್ನುವ ತನಕ ಒತ್ತಿ, ಅಲ್ಲಾಡಿಸಿ, ಮತ್ತೆ ತೆರೆಯಬೇಡಿ. ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಶೀಶೆಯಲ್ಲಿ ಮಾದರಿ ಕೋಣೆಯ ಉಷ್ಣಾಂಶದಲ್ಲಿ 15 ದಿನ ಇರುತ್ತೆ, ಆದರೂ ಮಾರನೇ ದಿನವೇ ಅಂಚೆಗೆ ಹಾಕಿಸಿ. ಬೇಸಿಗೆಯಲ್ಲಿ ಬಿಸಿಲಲ್ಲಿ ಕಾದ ಅಂಚೆ ಡಬ್ಬಿ ಬೇಡ, ಅಂಚೆ ಕಚೇರಿಯಲ್ಲೇ ಕೊಡಲಿ. ಶಾಖಕ್ಕೆ ರಕ್ತದ ಪ್ರೋಟೀನ್ ಕೆಟ್ಟು, ಇರುವ ರಕ್ತವೂ ಇಲ್ಲ ಅಂತ ತೋರಿಸುತ್ತೆ.

ಮುಟ್ಟಿನ ದಿನಗಳಲ್ಲಿ, ಮೂಲವ್ಯಾಧಿಯಿಂದ ರಕ್ತ ಹೋಗ್ತಾ ಇರುವಾಗ ಈ ಪರೀಕ್ಷೆ ಬೇಡ. ಊಟದ ಪಥ್ಯ ಏನೂ ಇಲ್ಲ. ಮಲದಲ್ಲಿ ರಕ್ತ ಹುಡುಕುವ ಹಳೇ ಕಾಲದ ರಾಸಾಯನಿಕ ಪರೀಕ್ಷೆಗೆ (ಗ್ವಾಯಕ್) ಪಥ್ಯ ಇತ್ತು, ಫಿಟ್ ಮನುಷ್ಯರ ಹಿಮೋಗ್ಲೋಬಿನ್ ಅನ್ನು ಮಾತ್ರ ಹಿಡಿಯುತ್ತೆ.


ಜಠರಕರುಳು_ವೈದ್ಯ

ಮೇಲಿನವರು ಹೇಳಿದ್ದು ಸರಿಯಾಗಿದೆ. ವೈದ್ಯಕೀಯ ಭಾಗವನ್ನು ನಾನು ಸೇರಿಸುತ್ತೇನೆ.

ವಯಸ್ಸು: ತಪಾಸಣೆಗಳ ಶಿಫಾರಸು ಮಾಡುವ ತಜ್ಞರ ಸಮಿತಿಯಾದ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2021ರ ಮೇ ತಿಂಗಳಲ್ಲಿ ಆರಂಭದ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದೆ. 75ರವರೆಗೆ ಎಲ್ಲರಿಗೂ, 76ರಿಂದ 85ರವರೆಗೆ ಆರೋಗ್ಯ ನೋಡಿಕೊಂಡು. ಫಿಟ್ ಆದರೆ ವರ್ಷಕ್ಕೊಮ್ಮೆ, ಮಲದ ಡಿಎನ್ಎ ಪರೀಕ್ಷೆ (ಕೊಲೊಗಾರ್ಡ್) 1ರಿಂದ 3 ವರ್ಷಕ್ಕೊಮ್ಮೆ, ಕೊಲೊನೋಸ್ಕೋಪಿ ಏನೂ ಸಿಗದಿದ್ದರೆ 10 ವರ್ಷಕ್ಕೊಮ್ಮೆ.

ಫಿಟ್ ಒಂದು ಸಲಕ್ಕೆ ಎಲ್ಲವನ್ನೂ ಹಿಡಿಯುವುದಿಲ್ಲ. 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಒಂದು ಫಿಟ್ ನೂರು ಕ್ಯಾನ್ಸರ್‌ಗಳಲ್ಲಿ ಸುಮಾರು 74ನ್ನು ಹಿಡಿಯಿತು, ಡಿಎನ್ಎ ಪರೀಕ್ಷೆ 92ನ್ನು. ಮುಂದುವರಿದ ಪಾಲಿಪ್‌ಗಳಲ್ಲಿ (ಪಾಲಿಪ್ ಎಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು) ಫಿಟ್ ಹಿಡಿದದ್ದು ಕಾಲು ಭಾಗಕ್ಕೂ ಕಡಿಮೆ. ಫಿಟ್‌ನ ಶಕ್ತಿಯೆಲ್ಲ ಇರುವುದು ಪ್ರತಿವರ್ಷ ತಪ್ಪದೆ ಮಾಡುವುದರಲ್ಲಿ. ಒಂದು ವರ್ಷ ಮಾಡಿ ಮರೆತವರನ್ನು ತಪಾಸಣೆ ಆದವರು ಎಂದು ಎಣಿಸಬೇಡಿ. 2024ರಲ್ಲಿ ಅನುಮತಿ ಪಡೆದ ಶೀಲ್ಡ್ ರಕ್ತಪರೀಕ್ಷೆಯನ್ನು ಹಲವರು ಕೇಳುತ್ತಾರೆ. ಅದು ಕ್ಯಾನ್ಸರ್ ಅನ್ನು 83% ಹಿಡಿದರೂ ಮುಂದುವರಿದ ಪಾಲಿಪ್ ಹಿಡಿಯುವುದು 13% ಮಾತ್ರ. ಗಂಟಿನ ಹಂತದಲ್ಲೇ ಕಿತ್ತು ಕ್ಯಾನ್ಸರ್ ಬಾರದಂತೆ ತಡೆಯುವ ಅವಕಾಶ ಅದರಲ್ಲಿ ಬಹಳ ಕಡಿಮೆ. ಬೇರೆ ಯಾವುದಕ್ಕೂ ಒಪ್ಪದವರಿಗೆ ಮಾತ್ರ ಅದನ್ನು ಹೇಳುತ್ತೇನೆ.

ಸಸ್ಯಾಹಾರಿಗಳಿಗೆ: ಸಂಸ್ಕರಿಸಿದ ಮಾಂಸ ಈ ಕ್ಯಾನ್ಸರ್‌ಗೆ ಕಾರಣಗಳಲ್ಲಿ ಒಂದು ಎಂಬುದು ನಿಜ. ಆದರೆ ವಯಸ್ಸು, ವಂಶವಾಹಿ, ಬೊಜ್ಜು, ಮಧುಮೇಹ, ದಿನವಿಡೀ ಕೂತು ಮಾಡುವ ಕೆಲಸ, ಮದ್ಯ, ತಂಬಾಕು ಇವೆಲ್ಲ ತಟ್ಟೆಯಲ್ಲಿ ಮಾಂಸವಿಲ್ಲದವರಿಗೂ ಇರುತ್ತವೆ. ಸಸ್ಯಾಹಾರಿಗಳ ಕರುಳಲ್ಲೂ ಪಾಲಿಪ್ ಬೆಳೆಯುತ್ತದೆ.

ಕುಟುಂಬದ ಇತಿಹಾಸ ಕೇಳುವಾಗ ಒಂದು ಎಚ್ಚರಿಕೆ. ನಮ್ಮಲ್ಲಿ "ಹೊಟ್ಟೆ ಕ್ಯಾನ್ಸರ್", "ಹೊಟ್ಟೇಲಿ ಗಡ್ಡೆ" ಎಂದರೆ ಜಠರ, ಕರುಳು, ಗರ್ಭಕೋಶ, ಅಂಡಾಶಯ ಯಾವುದೂ ಇರಬಹುದು. ಬಿಡಿಸಿ ಕೇಳಿ: ಆಪರೇಷನ್ ಎಲ್ಲಿಗೆ ಆಯಿತು, ಹೊಟ್ಟೆಯ ಮೇಲೆ ಮಲದ ಚೀಲ ಹಾಕಿದ್ದರೇ, ಆಗ ವಯಸ್ಸೆಷ್ಟು. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ 60ರೊಳಗೆ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಶುರುವಾಗಬೇಕು, 5 ವರ್ಷಕ್ಕೊಮ್ಮೆ ಆಗಬೇಕು. ಒಂದೇ ಮನೆಯಲ್ಲಿ ಕರುಳು, ಗರ್ಭಕೋಶದ ಕ್ಯಾನ್ಸರ್ ಎರಡೂ ಚಿಕ್ಕ ವಯಸ್ಸಿನಲ್ಲಿ ಕಂಡರೆ ವಂಶದಲ್ಲಿ ಹರಿದುಬರುವ ಲಿಂಚ್ ಸಿಂಡ್ರೋಮ್ ಇರಬಹುದು. ಅಂಥವರಿಗೆ 20ರಿಂದ 25ರ ವಯಸ್ಸಿನಲ್ಲೇ ಪರೀಕ್ಷೆ ಶುರು.

ರಕ್ತ ಹೋಗುತ್ತಿರುವವರಿಗೆ, ಕಾರಣ ತಿಳಿಯದ ಕಬ್ಬಿಣಾಂಶದ ರಕ್ತಹೀನತೆ ಇರುವವರಿಗೆ, ಮಲವಿಸರ್ಜನೆಯ ರೂಢಿ ಬದಲಾಗಿ ವಾರಗಟ್ಟಲೆ ಹಾಗೇ ಉಳಿದವರಿಗೆ ಫಿಟ್ ತಪಾಸಣೆ ಅಲ್ಲ, ಯಾವ ವಯಸ್ಸಾದರೂ ವೈದ್ಯರ ಬಳಿ ನೇರ ಹೋಗಬೇಕು. "ಪೈಲ್ಸ್ ಇರಬೇಕು" ಎಂದುಕೊಂಡು ಮುಲಾಮು ಹಚ್ಚುತ್ತಾ ಕೂತ ತಿಂಗಳುಗಳಲ್ಲಿ ಗುದನಾಳದ ಗಡ್ಡೆ ಬೆಳೆದುಬಿಡುತ್ತದೆ.

ಇನ್ನು ಅಡುಗೆ. ಮೊದಲ ಮಾತು: ಆಸ್ಪತ್ರೆ ಕೊಟ್ಟ ಹಾಳೆಯೇ ಅಂತಿಮ, ಇದು ಅದಕ್ಕೆ ನಮ್ಮ ಅಡುಗೆಮನೆಯ ಅನುವಾದ. ಒಂದು ವಾರ ಮೊದಲು ಕಬ್ಬಿಣದ ಮಾತ್ರೆ, ಇಸಬ್‌ಗೋಲ್ ನಿಲ್ಲಿಸಿ. ನಾರು ಕಡಿಮೆ ಮಾಡಲು ಹೇಳಿದ ದಿನ ಬಿಳಿ ಅನ್ನ, ಇಡ್ಲಿ, ಒಗ್ಗರಣೆ ಇಲ್ಲದ ಮೊಸರನ್ನ, ತರಕಾರಿ ಹಾಕದ ರವೆ ಗಂಜಿ ತಿನ್ನಬಹುದು. ರಾಗಿ, ಸೊಪ್ಪು, ಕಾಳು, ಕೋಸಂಬರಿ, ಕಾಯಿತುರಿ, ಎಳ್ಳು ಬೇಡ. ಟೊಮೆಟೊ, ಬದನೆ, ಸೀಬೆ ಬೀಜ ಬೇಡ. ಸಾಸಿವೆ, ಜೀರಿಗೆ ಚಿಕ್ಕವು ಎಂದು ತಿನ್ನಬೇಡಿ, ಸ್ಕೋಪ್‌ನ ಹೀರುವ ನಳಿಕೆಯನ್ನು ಕಟ್ಟಿಹಾಕುವುದು ಇಂಥ ಕಾಳುಗಳೇ. ತಿಳಿದ್ರವ ಮಾತ್ರ ಎಂದು ಹೇಳಿದ ಹೊತ್ತಿಗೆ ಸೋಸಿದ ನಿಂಬೆ ಶರಬತ್ತು, ಎಳನೀರು (ಮೂತ್ರಪಿಂಡದ ತೊಂದರೆ ಇರುವವರು ಬಿಟ್ಟು), ತರಕಾರಿ ಬೇಯಿಸಿ ಬಟ್ಟೆಯಲ್ಲಿ ಸೋಸಿದ ನೀರಿಗೆ ಉಪ್ಪು, ಹಾಲಿಲ್ಲದ ಚಹಾ ಕಾಫಿ. ಮಜ್ಜಿಗೆ ತಿಳಿದ್ರವ ಅಲ್ಲ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಜೆಲ್ಲೋದಲ್ಲಿ ಜೆಲಟಿನ್ ಇರುತ್ತದೆ. ಅದು ಪ್ರಾಣಿಜನ್ಯ, ಸಸ್ಯಾಹಾರಿಗಳು ಧಾರಾಳವಾಗಿ ಬಿಡಬಹುದು.

ಭೇದಿ ಔಷಧವನ್ನು ಎರಡು ಪಾಲು ಮಾಡಿ ಕುಡಿಯಬೇಕು. ಬೆಳಗ್ಗೆ 10ಕ್ಕೆ ಪರೀಕ್ಷೆ ಇದ್ದರೆ ಮೊದಲ ಪಾಲು ಹಿಂದಿನ ಸಂಜೆ 6ಕ್ಕೆ, ಎರಡನೆಯದು ಬೆಳಗಿನ ಜಾವ 5ಕ್ಕೆ ಶುರು ಮಾಡಿ ಏಳೂವರೆಯೊಳಗೆ ಮುಗಿಸುವುದು. ಎದ್ದೇಳುವ ಕಷ್ಟಕ್ಕೆ ಎರಡನ್ನೂ ಸಂಜೆಯೇ ಕುಡಿದರೆ ರಾತ್ರಿಯಿಡೀ ಸಣ್ಣ ಕರುಳಿಂದ ಇಳಿದ ರಸ ಬಲಭಾಗದ ಗೋಡೆಗೆ ಅಂಟಿ ಕೂರುತ್ತದೆ. ಚಪ್ಪಟೆ ಪಾಲಿಪ್ ಅಡಗುವುದು ಅಲ್ಲೇ. ಕೊನೆಗೆ ಹೋಗುವುದು ತಿಳಿ ಹಳದಿಯಾಗಿ, ತಳ ಕಾಣುವಂತಿರಬೇಕು. ಸಾರಿನ ಬಗ್ಗಡದಂತಿದ್ದರೆ ಹೊರಡುವ ಮೊದಲೇ ಫೋನ್ ಮಾಡಿ. ಮಧುಮೇಹದ ಮಾತ್ರೆ, ಇನ್ಸುಲಿನ್, ತೂಕ ಇಳಿಸುವ ಚುಚ್ಚುಮದ್ದು, ರಕ್ತ ತೆಳುಗೊಳಿಸುವ ಮಾತ್ರೆ ಇವುಗಳ ಬಗ್ಗೆ ಕನಿಷ್ಠ ವಾರ ಮೊದಲು ಕೇಳಿಕೊಳ್ಳಿ, ತಾವಾಗಿ ನಿಲ್ಲಿಸಬಾರದು.


ಕೂಟದ_ಆರೋಗ್ಯಸಮಿತಿ

ಬಹಳ ಧನ್ಯವಾದ. ಸಸ್ಯಾಹಾರದ ಪಟ್ಟಿಯನ್ನು ಹಾಗೇ ಅಚ್ಚು ಹಾಕಿಸ್ತೀವಿ, ಆಸ್ಪತ್ರೆ ಹಾಳೆಯೇ ಅಂತಿಮ ಅನ್ನೋ ಸಾಲನ್ನು ಮೇಲೆ ಹಾಕಿ. ಕಿಟ್ ಪಾಸಿಟಿವ್ ಬಂದು "ಇನ್ನೊಂದು ಸಲ ಕಿಟ್ ಮಾಡ್ತೀನಿ, ನೆಗೆಟಿವ್ ಬಂದರೆ ಬಿಡ್ತೀನಿ" ಅಂದರೆ? ಮತ್ತೆ ಖರ್ಚಿನ ವಿಚಾರ ಇನ್ನೂ ಉಳಿದಿದೆ.


ಜಠರಕರುಳು_ವೈದ್ಯ

ಮತ್ತೆ ಕಿಟ್ ಮಾಡಿಸಬೇಡಿ. ಗಡ್ಡೆ ದಿನವೂ ರಕ್ತ ಸುರಿಸುವುದಿಲ್ಲ, ಎರಡನೆಯದು ನೆಗೆಟಿವ್ ಬಂದರೆ ಏನೂ ಸಾಬೀತಾಗುವುದಿಲ್ಲ. ಪಾಸಿಟಿವ್ ಎಂದರೆ ಕೊಲೊನೋಸ್ಕೋಪಿ, ಅಷ್ಟೇ. ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ ಎಂಬುದನ್ನೂ ಅದೇ ಫೋನ್‌ನಲ್ಲಿ ಹೇಳಿ, ಇಲ್ಲದಿದ್ದರೆ ಹೆದರಿ ಫೋನ್ ಎತ್ತುವುದೇ ನಿಲ್ಲಿಸುತ್ತಾರೆ. ಸುಮಾರು 70,000 ಜನರ ಮೇಲೆ ನಡೆದು 2017ರಲ್ಲಿ ಬಂದ ಅಧ್ಯಯನದಲ್ಲಿ, ಪಾಸಿಟಿವ್ ಬಂದ ಮೇಲೆ ಕೊಲೊನೋಸ್ಕೋಪಿಗೆ 10 ತಿಂಗಳಿಗಿಂತ ತಡಮಾಡಿದವರಲ್ಲಿ ಕ್ಯಾನ್ಸರ್, ಅದರಲ್ಲೂ ಮುಂದುವರಿದ ಹಂತದ್ದು ಹೆಚ್ಚು ಕಂಡಿತು. ನೀವು ಮೂರು ತಿಂಗಳ ಗುರಿ ಇಟ್ಟುಕೊಳ್ಳಿ.

ಸ್ಕೋಪ್ ಮಾಡುವವರನ್ನು ಆರಿಸುವಾಗ ಅವರ ಅಡಿನೋಮಾ ಪತ್ತೆ ಪ್ರಮಾಣ ಕೇಳಿ, ಅಂದರೆ ಅವರು ನೋಡಿದ ನೂರು ಜನರಲ್ಲಿ ಎಷ್ಟು ಜನರಿಗೆ ಅಡಿನೋಮಾ (ಕ್ಯಾನ್ಸರ್ ಆಗಬಹುದಾದ ಬಗೆಯ ಪಾಲಿಪ್) ಸಿಕ್ಕಿತು ಎಂಬುದು. ಸಂಕೋಚ ಬೇಡ, ಇದು ಎಲ್ಲ ಒಳ್ಳೆಯ ಕೇಂದ್ರಗಳೂ ಇಡುವ ಲೆಕ್ಕ. 2024ರ ಮಾನದಂಡದ ಪ್ರಕಾರ ಕನಿಷ್ಠ 35% ಇರಬೇಕು. ಅಪಾಯ ಕೇಳುವವರಿಗೆ: ತಪಾಸಣೆಯ ಕೊಲೊನೋಸ್ಕೋಪಿಯಲ್ಲಿ ಕರುಳು ತೂತಾಗುವುದು 10,000ಕ್ಕೆ ಸುಮಾರು 3, ಗಂಭೀರ ರಕ್ತಸ್ರಾವ 10,000ಕ್ಕೆ ಸುಮಾರು 15.


ಬಿಲ್ಲಿಂಗ್_ಬಲ್ಲವರು

ಖರ್ಚು. 45 ದಾಟಿದ, ಲಕ್ಷಣ ಇಲ್ಲದವರ ತಪಾಸಣೆಗೆ ಅಫೋರ್ಡಬಲ್ ಕೇರ್ ಕಾಯ್ದೆಯಡಿ ಬರುವ ಪ್ಲಾನ್‌ಗಳು, ನೆಟ್‌ವರ್ಕ್ ಒಳಗೆ, ಕೋಪೇ ಡಿಡಕ್ಟಿಬಲ್ (ರೋಗಿಯೇ ಕೈಯಿಂದ ಕೊಡುವ ಪಾಲು) ಇಲ್ಲದೆ ಕಟ್ಟಬೇಕು. ಪರೀಕ್ಷೆ ನಡುವೆ ಪಾಲಿಪ್ ತೆಗೆದರೂ ಅಷ್ಟೇ. ಅರಿವಳಿಕೆ, ಪೆಥಾಲಜಿ, ಭೇದಿ ಔಷಧದ ಪ್ರಿಸ್ಕ್ರಿಪ್ಷನ್ ಕೂಡ ಇದರಲ್ಲೇ ಸೇರುತ್ತೆ. ಕಿಟ್ ಪಾಸಿಟಿವ್ ಆದ ಮೇಲಿನ ಕೊಲೊನೋಸ್ಕೋಪಿಗೂ ಇದೇ ನಿಯಮ, 2022ರ ಮೇ 31ರ ನಂತರ ಶುರುವಾದ ಪ್ಲಾನ್ ವರ್ಷಗಳಿಂದ. ಮೊದಲು ಅದಕ್ಕೆ ಬಿಲ್ ಬರ್ತಿತ್ತು, ಆ ಹಳೇ ಸುದ್ದಿ ಕೇಳಿಯೇ ಎಷ್ಟೋ ಜನ ಈಗಲೂ ಹಿಂಜರಿಯುತ್ತಾರೆ. ಮೆಡಿಕೇರ್ (ಮುಖ್ಯವಾಗಿ 65 ದಾಟಿದವರ ಸರ್ಕಾರಿ ಇನ್ಶೂರೆನ್ಸ್) ಇದನ್ನು 2023ರ ಜನವರಿಯಿಂದ ತಪಾಸಣೆ ಅಂತಲೇ ಪರಿಗಣಿಸುತ್ತೆ, ಆದರೆ ಪಾಲಿಪ್ ತೆಗೆದರೆ 2026ರವರೆಗೆ 15% ರೋಗಿಯ ಪಾಲು, 2027ರಿಂದ 10%, 2030ರಿಂದ ಸೊನ್ನೆ.

ಬಿಲ್ ತಪ್ಪಾಗಿ ಬರೋದು ಹೆಚ್ಚಾಗಿ ಕೋಡಿಂಗ್‌ನಿಂದ. ತಪಾಸಣೆಗೆ ಮೊದಲ ಡಯಾಗ್ನೋಸಿಸ್ ಕೋಡ್ ಝಡ್ 12.11 ಇರಬೇಕು, ಪಾಲಿಪ್ ತೆಗೆದಾಗ ಖಾಸಗಿ ಇನ್ಶೂರೆನ್ಸ್‌ಗೆ ಮಾಡಿಫೈಯರ್ (ಬಿಲ್ ಕೋಡ್ ಜೊತೆ ಸೇರಿಸುವ ಗುರುತು) 33, ಮೆಡಿಕೇರ್‌ಗೆ ಪಿಟಿ. ಬಿಲ್ ಬಂದರೆ ಕಟ್ಟುವ ಮೊದಲು ಕ್ಲಿನಿಕ್‌ಗೆ ಫೋನ್ ಮಾಡಿ ಈ ಎರಡನ್ನೂ ನೋಡಿ ಅಂತ ಹೇಳಿ, ತಿದ್ದಿ ಮತ್ತೆ ಕಳಿಸ್ತಾರೆ. ಮುಂಚೆಯೇ ಫೋನ್ ಮಾಡುವಾಗ ವೈದ್ಯರು ಮಾತ್ರ ಅಲ್ಲ, ಕೇಂದ್ರ, ಅರಿವಳಿಕೆ ತಂಡ, ಲ್ಯಾಬ್ ನಾಲ್ಕೂ ನೆಟ್‌ವರ್ಕ್‌ನಲ್ಲಿವೆಯಾ ಅಂತ ಬಿಡಿಬಿಡಿಯಾಗಿ ಕೇಳಿ.

ಹಿಂದೆ ಪಾಲಿಪ್ ತೆಗೆಸಿಕೊಂಡು ಮೂರೋ ಐದೋ ವರ್ಷಕ್ಕೆ ಮತ್ತೆ ಹೋಗುವವರಿಗೆ ಹಲವು ಪ್ಲಾನ್‌ಗಳು ಡಿಡಕ್ಟಿಬಲ್ ಹಾಕ್ತವೆ. ಲಕ್ಷಣ ಇದ್ದು ಮಾಡಿಸಿದರೂ ಹಾಗೇ. ಬಿಲ್ ಉಳಿಸೋಕೆ ಅಂತ ರಕ್ತ ಹೋಗ್ತಿರೋದನ್ನ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ ಅಂತ ದಯವಿಟ್ಟು ಮಳಿಗೆಯಲ್ಲಿ ಹೇಳಿ.


ಬೆಂಗಳೂರು_ಆಂಕಾಲಜಿ

ಅಪ್ಪ ಅಮ್ಮಂದಿರ ವಿಚಾರ. ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ತಪಾಸಣೆಗೆ ಕಟ್ಟಲ್ಲ, ಊರಿಗೆ ಹೋದಾಗ ಮಾಡಿಸೋದೇ ಸರಿ. ಭಾರತದ ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ, ಕರುಳಿನದು ಇಲ್ಲ. ಇಲ್ಲಿ ಈ ರೋಗ ಅಮೆರಿಕದಷ್ಟು ಸಾಮಾನ್ಯವೂ ಅಲ್ಲ. ಆದ್ದರಿಂದ ಎಲ್ಲರನ್ನೂ ಸ್ಕೋಪ್‌ಗೆ ಎಳೆದು ತರುವ ಬದಲು, ಕುಟುಂಬದಲ್ಲಿ ಇದ್ದವರನ್ನೂ ಲಕ್ಷಣ ಇರುವವರನ್ನೂ ಮೊದಲು ನೋಡಿ. ಪೈಲ್ಸ್ ಅಂತ ಚಿಕಿತ್ಸೆ ತಗೊಳ್ಳುವ ಮೊದಲು ಡಾಕ್ಟರ್ ಕೈಗವಸು ಹಾಕಿ ಬೆರಳಿಟ್ಟು ಪರೀಕ್ಷೆ ಮಾಡಿದರಾ ಅಂತ ಕೇಳಿ. ಕೆಳಗಿನ ಗುದನಾಳದ ಗಡ್ಡೆ ಎಷ್ಟೋ ಸಲ ಬೆರಳಿಗೇ ಸಿಗುತ್ತೆ.

ಮಲದ ಪರೀಕ್ಷೆ ಮಾಡಿಸೋದಾದರೆ ಲ್ಯಾಬ್‌ನಲ್ಲಿ ಬರೀ "ಅಕಲ್ಟ್ ಬ್ಲಡ್" ಅಂತ ಹೇಳಬೇಡಿ, ಹಳೇ ರಾಸಾಯನಿಕ ಪರೀಕ್ಷೆ ಮಾಡಿಬಿಡಬಹುದು. ಇಮ್ಯುನೊಕೆಮಿಕಲ್, ಅಂದರೆ ಫಿಟ್ ಬೇಕು ಅಂತ ಕೇಳಿ. ಲ್ಯಾಬ್ ಖಾಲಿ ಡಬ್ಬಿ ಕೊಟ್ಟರೆ ಅದರಲ್ಲಿ ರಕ್ತ ಕಾಪಾಡುವ ದ್ರವ ಇರಲ್ಲ. ಏಪ್ರಿಲ್ ಮೇ ಬಿಸಿಲಲ್ಲಿ ಬೆಳಗ್ಗೆ ತೆಗೆದದ್ದನ್ನು ಒಂದೆರಡು ಗಂಟೆಯಲ್ಲೇ ತಲುಪಿಸಬೇಕು. ಕೂತು ಹೋಗುವ ದೇಸಿ ಕಕ್ಕಸು ಇದ್ದರೆ ಹಳೇ ಪ್ಲಾಸ್ಟಿಕ್ ಹಾಳೆಯನ್ನೋ ಮಡಿಸಿದ ನ್ಯೂಸ್‌ಪೇಪರನ್ನೋ ಒಣಗಿದ ಕಡೆ ಹಾಸಿಕೊಳ್ಳಲಿ.


ಕಿಟ್_ಕೋಆರ್ಡಿನೇಟರ್

ಕೊನೆಗೆ ಲೆಕ್ಕದ ವಿಚಾರ, ಸಮಿತಿಯವರು ಕೇಳಿದ್ದೇ ಅದು. ಎಷ್ಟು ಕರಪತ್ರ ಹೋಯಿತು ಅಂತ ಎಣಿಸಬೇಡಿ. ಕ್ಲಿನಿಕ್‌ನಿಂದ ಹೆಸರಿಲ್ಲದ ಐದು ಸಂಖ್ಯೆ ಮಾತ್ರ ತಿಂಗಳಿಗೊಮ್ಮೆ ಕೇಳಿ: ಕೊಟ್ಟ ಕಿಟ್, ವಾಪಸ್ ಬಂದದ್ದು, ಲ್ಯಾಬ್ ತಿರಸ್ಕರಿಸಿದ್ದು, ಪಾಸಿಟಿವ್, ಆ ಪಾಸಿಟಿವ್‌ಗಳಲ್ಲಿ ಕೊಲೊನೋಸ್ಕೋಪಿ ಮುಗಿದದ್ದು. ಕೊನೆಯ ಎರಡು ಸಂಖ್ಯೆ ಒಂದೇ ಆಗುವ ತನಕ ಹಿಂದೆ ಬೀಳಿ. ಅಲ್ಲಿ ಅಂತರ ಉಳಿಯೋದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಸಾರಿಗೆ. ಅರಿವಳಿಕೆ ಕೊಟ್ಟ ಮೇಲೆ ಒಬ್ಬರನ್ನೇ ಊಬರ್ ಹತ್ತಿಸಿ ಕಳಿಸಲ್ಲ, ಜೊತೆಗೆ ದೊಡ್ಡವರೊಬ್ಬರು ಬರಲೇಬೇಕು. ಮಕ್ಕಳು ಬೇರೆ ರಾಜ್ಯದಲ್ಲಿರುವ ಹಿರಿಯರು ಇಷ್ಟಕ್ಕೇ ಅಪಾಯಿಂಟ್‌ಮೆಂಟ್ ರದ್ದು ಮಾಡ್ತಾರೆ. ಕೂಟದಲ್ಲಿ ವಾರದ ದಿನ ಬೆಳಗ್ಗೆ ಕಾರು ಓಡಿಸಿಕೊಂಡು ಬಂದು, ಮೂರು ನಾಲ್ಕು ಗಂಟೆ ಕಾದು, ಮನೆ ಮುಟ್ಟಿಸುವವರು ಹತ್ತು ಜನ ಇದ್ದರೆ ಯುಗಾದಿ ಮಳಿಗೆಯಲ್ಲಿ ಅವರ ಹೆಸರನ್ನೂ ಬರೆಸಿಕೊಳ್ಳಿ.